ಅಕ್ಕನ ಗಿರಣಿ ಮತ್ತು ಕೊನೆಯ ಅಂಕಿ

ಆ ಗ್ರಾಫಿಕ್ಸ್ ಕಾರ್ಡ್ ಬೊರಿವಲಿಯ ನಮ್ಮ ಮನೆಗೆ ಬಂದದ್ದು ಅಕ್ಕನ ಸ್ಕೂಟರಿನಲ್ಲಿ, ಜೋಳದ ಹಿಟ್ಟಿನ ಡಬ್ಬಾದ ಜೊತೆಗೆ. ಯಾರೋ ಕಂಪ್ಯೂಟರಿನಲ್ಲಿ ಆಟ ಆಡಿ ಆಡಿ ಬೇಸತ್ತು ಮಾರಿದ ಸೆಕೆಂಡ್ ಹ್ಯಾಂಡ್ ಕಾರ್ಡ್. ಮಾರುವವರ ಬಿಲ್ಡಿಂಗ್ ದಹಿಸರ್‌ನಲ್ಲಿ ಅಕ್ಕನ ಹಿಟ್ಟಿನ ಗಿರಣಿಯ ಹಿಂದೆಯೇ ಇದ್ದುದರಿಂದ ಅವಳಿಗೇ ತರಲು ಹೇಳಿದ್ದೆ. ಅವಳು ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಮೇಲೆ ಕೂತಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿ, "ಇದಕ್ಕ ಎರಡು ಫ್ಯಾನ್ ಅದಾವು ನೋಡು. ನಮ್ಮ ಗಿರಣ್ಯಾಗ ಒಂದ ಐತಿ, ಅದೂ ಕಿರ್ ಅಂತೈತಿ," ಅಂದಳು.

ನನಗೆ ಅದು ಆಟಕ್ಕೆ ಬೇಕಿರಲಿಲ್ಲ. ಅಂಧೇರಿಯ ಆಫೀಸಿನ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ನಾನು ಒಂದು ಓಪನ್ ಸೋರ್ಸ್ ಕಂಪೈಲರ್ ಮೇಲೆ ದುಡಿಯುತ್ತೇನೆ. ಕಂಪೈಲರ್ ಅಂದರೆ ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಆಜ್ಞೆಗಳಾಗಿ ಬದಲಿಸುವ ತಂತ್ರಾಂಶ. ಓಪನ್ ಸೋರ್ಸ್ ಅಂದರೆ ಅದರ ಒಳಗನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಸಂಬಳ ಮಾತ್ರ ಯಾರೂ ಕೊಡುವುದಿಲ್ಲ. ನಮ್ಮದು ಲೆಕ್ಕಾಚಾರಕ್ಕೆಂದೇ ಮಾಡಿದ ಚಿಕ್ಕದೊಂದು ಭಾಷೆ. ಅದನ್ನು ಹುಟ್ಟುಹಾಕಿದವರು ಆಂಟಾಪ್ ಹಿಲ್‌ನ ಕಾಲೋನಿಯಲ್ಲಿರುವ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಉಡುಪಿ ಕಡೆಯವರು. ಮುಂಬೈಗೆ ಬಂದು ತಲೆಗೂದಲೆಲ್ಲ ಬೆಳ್ಳಗಾದರೂ ಅವರ ಮಾತಿನಲ್ಲಿ ಊರು ಹಾಗೇ ಉಳಿದಿದೆ.

ಆ ಭಾಷೆಯನ್ನು ನಿಜಕ್ಕೂ ಬಳಸುತ್ತಿದ್ದವರು ಬೆರಳೆಣಿಕೆಯ ಜನ. ಅವರಲ್ಲಿ ಒಬ್ಬರು ದಹಿಸರ್‌ನಲ್ಲೇ ಇರುವ ಮರಾಠಿ ಸಿವಿಲ್ ಇಂಜಿನಿಯರ್. ಅವರ ಪ್ರೋಗ್ರಾಂ ಅಲ್ಲಿನ ನಾಲಾದ, ಅಂದರೆ ದೊಡ್ಡ ಚರಂಡಿ ಕಾಲುವೆಯ, ಸುತ್ತಲಿನ ಗಲ್ಲಿಗಳನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿ, ಮಳೆ ಇಷ್ಟು ಬಿದ್ದರೆ, ಸಮುದ್ರದ ಉಬ್ಬರ ಇಷ್ಟಿದ್ದರೆ ಯಾವ ಚೌಕಕ್ಕೆ ನೀರು ನುಗ್ಗುತ್ತದೆ ಎಂದು ಲೆಕ್ಕ ಹಾಕುತ್ತಿತ್ತು. ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಆದರೆ ಬೆಳಗಿನ ಚಹಾಕ್ಕೆ ಶುರು ಮಾಡಿದರೆ ಉತ್ತರ ಸಿಗುವುದು ಮಧ್ಯಾಹ್ನದ ಊಟಕ್ಕೆ. ಅಷ್ಟರಲ್ಲಿ ನೀರೇ ಮನೆಮನೆಗೆ ಬಂದು ಉತ್ತರ ಹೇಳಿ ಹೋಗಿರುತ್ತಿತ್ತು.

ಅಕ್ಕನ ಗಿರಣಿ ಆ ನಾಲಾಕ್ಕೆ ಹತ್ತಿರದ ಗಲ್ಲಿಯಲ್ಲಿದೆ. ಭಾವನಿಗೆ ಬೇರೆ ನೌಕರಿ. ಗಿರಣಿ ಪೂರ್ತಿ ಅವಳದೇ. ವಿಜಯಪುರ, ಬೆಳಗಾವಿ ಕಡೆಯಿಂದ ಬಂದ ನಮ್ಮವರಿಗೆ ಜೋಳ, ಉಳಿದವರಿಗೆ ಗೋಧಿ. ಬೆಳಗ್ಗೆ ಕೆಲಸಕ್ಕೆ ಹೊರಟವರು ಸ್ಟೇಷನ್ ದಾರಿಯಲ್ಲಿ ಕಾಳಿನ ಡಬ್ಬಾ ಇಟ್ಟು ಲೋಕಲ್ ಹಿಡಿಯುತ್ತಾರೆ, ಸಂಜೆ ಬರುವಾಗ ಹಿಟ್ಟು ಒಯ್ಯುತ್ತಾರೆ. ಚೀಟಿ ಇಲ್ಲ, ರಸೀದಿ ಇಲ್ಲ. ಯಾರ ಡಬ್ಬಾ ಯಾವುದೆಂದು ಅಕ್ಕನಿಗೆ ಗೊತ್ತು. ಒಬ್ಬರ ಕಾಳು ಇನ್ನೊಬ್ಬರದಕ್ಕೆ ಬೆರೆಯಕೂಡದು, ಗಿರಣಿಯ ಮೊದಲ ಧರ್ಮ ಅದು. ಹೀಗೆ ದಿನವಿಡೀ ನೆಲದ ಮೇಲೆ ಡಬ್ಬಾಗಳ ಸಾಲು ನಿಂತಿರುತ್ತದೆ.

ಹಿಂದಿನ ಮಳೆಗಾಲದಲ್ಲಿ ಆ ಸಾಲಿಗೇ ನಾಲಾದ ನೀರು ನುಗ್ಗಿತು. ಸಂಜೆ ಬಂದವರು ಕಪ್ಪು ನೀರಲ್ಲಿ ನೆನೆದ ಕಾಳು ನೋಡಿದರು. ಯಾರೂ ಜಗಳ ಆಡಲಿಲ್ಲ, ಅಕ್ಕನಿಗೆ ಅದೇ ಹೆಚ್ಚು ನೋವಾಯಿತು. ಎಷ್ಟೋ ಜನ ಸುಮ್ಮನೆ ಪ್ಯಾಕೆಟ್ ಹಿಟ್ಟಿಗೆ ಹೋಗಿಬಿಟ್ಟರು. "ಇನ್ನೊಂದ್ಸಲ ಹಿಂಗಾತಂದ್ರ ಗಿರಣಿ ಬಂದ್ ಮಾಡ್ತೀನಿ. ಮಂದಿ ನಂಬಿ ಇಟ್ಟದ್ದನ್ನ ಕಾಯಾಕ ಆಗದಿದ್ರ ಯಾಕ ಬೇಕು ಇದು?" ಅಂದಳು. ನನ್ನ ಅಕ್ಕ ಬರೀ ಬಾಯಿಮಾತಿಗೆ ಹೇಳುವವಳಲ್ಲ, ಹೇಳಿದರೆ ಮಾಡಿಯೇ ಬಿಡುತ್ತಾಳೆ.

ಮಳೆ ಬಂದಾಗಲೆಲ್ಲ ಡಬ್ಬಾಗಳನ್ನು ಮೇಲೆ ಇಟ್ಟುಬಿಡಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿ ಬೈಸಿಕೊಂಡಿದ್ದೇನೆ. ಮೇಲಿರುವುದು ಹಲಗೆಯ ಅಟ್ಟ. ಅಲ್ಲಿಗೆ ಡಬ್ಬಾ ಏರಿಸಬೇಕೆಂದರೆ ಗಿರಣಿ ನಿಲ್ಲಿಸಬೇಕು, ಏಣಿ ಹಾಕಬೇಕು, ಅರ್ಧ ದಿನ ಹಾಳಾಗುತ್ತದೆ. ಮುಂಬೈಯಲ್ಲಿ ಜೂನ್ ಶುರುವಾದ ಮೇಲೆ ಮಳೆ ಬಾರದ ದಿನ ಯಾವುದಿದೆ? ಅವಳಿಗೆ ಬೇಕಾಗಿದ್ದದ್ದು ಮಳೆಯ ಸುದ್ದಿಯಲ್ಲ, ತನ್ನ ಹೊಸ್ತಿಲಿನ ಸುದ್ದಿ.

ಇಂಜಿನಿಯರ್ ಪ್ರೋಗ್ರಾಂ ಕಾರ್ಡಿನ ಮೇಲೆ ಓಡಿದರೆ ನೀರಿಗಿಂತ ಮೊದಲು ಉತ್ತರ ಬರಬಹುದು ಎಂದು ನನಗೆ ಅನ್ನಿಸಿತ್ತು. ಆದರೆ ಕಾರ್ಡಿಗೆ ಆಜ್ಞೆ ಬರೆಯುವುದು ನಮ್ಮ ಕಂಪೈಲರ್‌ಗೆ ಗೊತ್ತೇ ಇರಲಿಲ್ಲ. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಎಳ್ಳು ಬೆಲ್ಲ ಕಟ್ಟಿಕೊಂಡು ಮೇಷ್ಟ್ರ ಮನೆಗೆ ಹೋದೆ.

"ಕಾರ್ಡಿಗೆ ಕೋಡ್ ಹುಟ್ಟಿಸುವುದಾ? ಎಂತ ಮಾರಾಯ್ತಿ, ನಮ್ಮಲ್ಲಿ ಯಾರತ್ರವೂ ಕಾರ್ಡೇ ಇಲ್ಲ," ಅಂದರು.

"ನನ್ನತ್ರ ಉಂಟು ಸರ್," ಅಂದೆ, ಅವರ ಹಾಗೆಯೇ.

ಅವರು ನಕ್ಕರು. ಆಮೇಲೆ ಎಳ್ಳು ಬೆಲ್ಲವನ್ನು ಬದಿಗಿಟ್ಟು ಹಾಳೆ ತೆಗೆದುಕೊಂಡರು. ಸಾಧಾರಣ ಪ್ರೊಸೆಸರಿನಲ್ಲಿ ಕೆಲವೇ ಜಾಣ ಕೈಗಳಿರುತ್ತವೆ. ಕಾರ್ಡಿನಲ್ಲಿ ಸಾವಿರಾರು ಸಾಧಾರಣ ಕೈಗಳು, ಎಲ್ಲವೂ ಒಂದೇ ಹೊತ್ತಿಗೆ ಒಂದೇ ಬಗೆಯ ಕೆಲಸ ಮಾಡುತ್ತವೆ. ಹಾಗಾಗಿ ಪ್ರೋಗ್ರಾಮಿನ ಪ್ರತಿಯೊಂದು ಲೂಪ್ ನೋಡಿ, ಅಂದರೆ ಮತ್ತೆ ಮತ್ತೆ ಮಾಡುವ ಕೆಲಸ ನೋಡಿ, ಕಂಪೈಲರ್ ಒಂದು ಪ್ರಶ್ನೆ ಕೇಳಬೇಕು: ಈ ಸುತ್ತಿಗೆ ಹಿಂದಿನ ಸುತ್ತಿನ ಉತ್ತರ ಬೇಕೇ? ಬೇಡವಾದರೆ ಸುತ್ತುಗಳನ್ನು ಸಾವಿರ ಕೈಗಳಿಗೆ ಹಂಚಬಹುದು. ಬೇಕಾದರೆ ಹಳೆಯ ದಾರಿಯೇ ಸರಿ. ಆ ಪ್ರಶ್ನೆ ಕೇಳುವ ಭಾಗವನ್ನು ಮೇಷ್ಟ್ರು ಬರೆದರು, ಹಂಚಿದ ಕೆಲಸಕ್ಕೆ ಆಜ್ಞೆ ಹುಟ್ಟಿಸುವ ಭಾಗ ನನ್ನ ಪಾಲಿಗೆ ಬಂತು.

ಮೊದಲು ಎರಡು ಸಾಲು ಸಂಖ್ಯೆಗಳನ್ನು ಕೂಡಿಸಲು ಹೇಳಿದೆ. ಉತ್ತರವೆಲ್ಲ ಸೊನ್ನೆ. ವಾರವಿಡೀ ಬೆಳಗ್ಗೆ ಲೋಕಲ್ ಹಿಡಿಯುವ ಮುಂಚೆ ಕೂತು ತಡಕಾಡಿದೆ. ನನ್ನ ಆಜ್ಞೆಗಳಲ್ಲಿ ತಪ್ಪೇ ಸಿಗಲಿಲ್ಲ, ಏಕೆಂದರೆ ತಪ್ಪು ಅಲ್ಲಿರಲಿಲ್ಲ. ಕಾರ್ಡ್ ಲೆಕ್ಕ ಮುಗಿಸುವ ಮೊದಲೇ ನಾನು ಉತ್ತರ ಓದಿಬಿಡುತ್ತಿದ್ದೆ. ನನ್ನ ಅವಸರದ ಸ್ವಭಾವ ಕೋಡಿನಲ್ಲೂ ಇಳಿದಿದೆ ಎಂದು ಮೇಷ್ಟ್ರು ಛೇಡಿಸಿದರು. 'ಮುಗಿಯುವ ತನಕ ಕಾಯಿ' ಎಂಬ ಒಂದು ಸಾಲು ಸೇರಿಸಿದ ಮೇಲೆ ಮೊತ್ತಗಳು ಸರಿಯಾಗಿ ಬಂದವು. ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದೆ.

ಹೋಳಿ ಹೊತ್ತಿಗೆ ಸಣ್ಣ ಪರೀಕ್ಷೆಗಳೆಲ್ಲ ಪಾಸಾದವು. ಕಾರ್ಡ್ ಎಷ್ಟು ಬೇಗ ಲೆಕ್ಕ ಮಾಡುತ್ತದೆಂದು ಚಿತ್ರ ಬಿಡಿಸಿ ಯೋಜನೆಯ ಪುಟದಲ್ಲಿ ಹಾಕಿದೆವು. ದೂರದ ದೇಶಗಳಿಂದ ಶಹಬ್ಬಾಸ್ ಬಂತು. ಮರುದಿನ ಇಂಜಿನಿಯರ್ ತಮ್ಮ ಪೂರ್ತಿ ನಕ್ಷೆಯನ್ನು ಇಂಟರ್ನೆಟ್ ಮೂಲಕ ನಮ್ಮ ಮನೆಯ ಕಾರ್ಡಿನಲ್ಲಿ ಓಡಿಸಿ ಫೋನ್ ಮಾಡಿದರು.

"ತಾಈ, ಹಾ ತರ್ ಆಧೀಪೇಕ್ಷಾ ಹಳೂ ಚಾಲತೋಯ್," ಅಂದರು. ಮೊದಲಿಗಿಂತ ನಿಧಾನವಾಗಿದೆ!

ನಾವು ಗಡಿಯಾರ ಇಟ್ಟಿದ್ದು ಕಾರ್ಡಿನ ಒಳಗಿನ ಲೆಕ್ಕಕ್ಕೆ ಮಾತ್ರ. ಸಂಖ್ಯೆಗಳನ್ನು ಕಾರ್ಡಿಗೆ ಸಾಗಿಸಿ ವಾಪಸ್ ತರುವ ಹೊತ್ತನ್ನು ಎಣಿಸಿರಲೇ ಇಲ್ಲ. ನಮ್ಮ ಪರೀಕ್ಷೆಗಳಲ್ಲಿ ಸಂಖ್ಯೆಗಳು ಕಡಿಮೆ, ಸಾಗಣೆ ಕಣ್ಣಿಗೇ ಬಿದ್ದಿರಲಿಲ್ಲ. ಇಂಜಿನಿಯರ್ ನಕ್ಷೆ ದೊಡ್ಡದು, ಮತ್ತು ನಮ್ಮ ಕಂಪೈಲರ್ ಪ್ರತಿ ಲೂಪಿಗೂ ಇಡೀ ದಹಿಸರನ್ನು ಕಾರ್ಡಿಗೆ ಹೊತ್ತು, ಇಳಿಸಿ, ಮತ್ತೆ ಹೊತ್ತು ತರುತ್ತಿತ್ತು. ಚಿತ್ರವನ್ನು ಪುಟದಿಂದ ತೆಗೆಯುವಾಗ ನನಗೆ ನಿಜಕ್ಕೂ ನಾಚಿಕೆಯಾಯಿತು.

ಪರಿಹಾರ ಬರೆಯಲು ಯುಗಾದಿ ದಾಟಿತು. ಸಂಖ್ಯೆಗಳು ಒಮ್ಮೆ ಕಾರ್ಡಿಗೆ ಹೋದ ಮೇಲೆ, ಈ ಕಡೆ ಯಾರಾದರೂ ಕೇಳುವ ತನಕ ಅಲ್ಲೇ ಇರಲಿ ಎಂದು ಕಂಪೈಲರ್‌ಗೆ ಕಲಿಸಿದೆ. ಕೇಳುವವರು ಯಾರು, ಯಾವಾಗ ಕೇಳುತ್ತಾರೆ ಎಂದು ಪ್ರೋಗ್ರಾಂ ಓದಿ ಮೊದಲೇ ತಿಳಿಯಬೇಕಿತ್ತು, ಕಷ್ಟವಿದ್ದದ್ದು ಅಲ್ಲಿ. ಅದು ಮುಗಿದ ದಿನ ನಾಲಾದ ನಕ್ಷೆಯ ಲೆಕ್ಕ ಚಹಾ ಕುಡಿದು ಕಪ್ ತೊಳೆದಿಡುವಷ್ಟರಲ್ಲಿ ಬಂತು. ಇಂಜಿನಿಯರ್ ನಂಬದೆ ನಮ್ಮ ಮನೆಗೇ ಬಂದು, ಕಾರ್ಡಿನ ಮುಂದೆ ಕೂತು, ತಾವೇ ಬಟನ್ ಒತ್ತಿ ನೋಡಿದರು.

ನನಗೆ ತಡೆಯಲಾಗಲಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಅಕ್ಕನ ಗಿರಣಿಗೆ ಹೋದೆ. ಅಲ್ಲಿಂದಲೇ ಮನೆಯ ಕಾರ್ಡಿಗೆ ಕೆಲಸ ಕಳಿಸಿ, ಹಿಂದಿನ ವರ್ಷ ಅವಳ ಡಬ್ಬಾಗಳು ಮುಳುಗಿದ ದಿನದ ಮಳೆ ಮತ್ತು ಉಬ್ಬರ ಕೊಟ್ಟೆ. ಅವಳ ಗಲ್ಲಿ ನೀಲಿಯಾಯಿತು. ನೀಲಿ ಅಂದರೆ ನೀರು.

"ಖರೇ ಐತಿ ನೋಡು!" ಎಂದು ಅಕ್ಕ ಕಣ್ಣರಳಿಸಿದಳು. ಪಕ್ಕದ ಇಸ್ತ್ರಿ ಅಂಗಡಿಯವರನ್ನು ಕರೆದು, "ಭಾಭಿ, ಆಕೇ ದೇಖೋ ತೋ, ಮೇರೀ ಬೆಹನ್ ಕಾ ಕಂಪ್ಯೂಟರ್ ಪಾನಿ ಬತಾತಾ ಹೈ," ನನ್ನ ತಂಗಿಯ ಕಂಪ್ಯೂಟರ್ ನೀರು ಬರುವುದನ್ನು ಹೇಳುತ್ತದೆ, ಅಂದಳು. ಅವರಿಗೂ ತೋರಿಸಲೆಂದು ಅದೇ ಲೆಕ್ಕವನ್ನು ಮತ್ತೆ ಓಡಿಸಿದೆ. ಈ ಸಲ ಗಲ್ಲಿ ಒಣಗಿತ್ತು.

ಭಾಭಿ ತಮ್ಮ ಇಸ್ತ್ರಿಗೆ ವಾಪಸ್ ಹೋದರು. ಅಕ್ಕ ಗಿರಣಿಯ ಬಾಯಿಗೆ ಕಾಳು ಸುರಿಯುತ್ತ ಹೇಳಿದಳು: "ಮೊದಲ ನೀರು ಬರ್ತೈತಿ ಅಂತು. ಈಗ ಬರೂದಿಲ್ಲ ಅಂತೈತಿ. ಪ್ರಶ್ನಿ ಒಂದ, ಉತ್ತರ ಎರಡು. ಇದನ್ನ ಕೇಳಿ ನಾ ಡಬ್ಬಾ ಎತ್ತಲೋ ಬಿಡಲೋ? ನೀನ ಹೇಳವಾ."

ಲ್ಯಾಪ್‌ಟಾಪ್ ಮುಚ್ಚಿ ಎದ್ದೆ. ಬೊರಿವಲಿಗೆ ವಾಪಸಾಗುವಾಗ ಕಾರ್ಡಿನ ಮೇಲೆ, ಇಂಜಿನಿಯರ್ ಮೇಲೆ, ಹಿಟ್ಟಿನ ಧೂಳಿನ ಮೇಲೆ ಎಲ್ಲದರ ಮೇಲೂ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಹುಡುಕಲು ಕೂತೆ. ಎರಡು ಓಟಗಳ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು, ಅವು ಮೊದಲು ಎಲ್ಲಿ ಬೇರೆಯಾಗುತ್ತವೆ ಎಂದು ಹಿಂದಕ್ಕೆ ಹಿಂದಕ್ಕೆ ನಡೆದೆ. ಕೊನೆಗೆ ಒಂದೇ ಒಂದು ಚೌಕದಲ್ಲಿ, ದಶಾಂಶದ ಬಹಳ ಆಚೆ, ಕೊನೆಯ ಅಂಕಿಯೊಂದು ಬೇರೆ ಇತ್ತು.

ಪ್ರತಿ ಚೌಕಕ್ಕೂ ನಾಲ್ಕು ಕಡೆಯಿಂದ ನೀರು ಬರುತ್ತದೆ, ನಾಲ್ಕನ್ನೂ ಕೂಡಿಸಬೇಕು. ಕಾರ್ಡಿನಲ್ಲಿ ಯಾವ ಕೈ ಮೊದಲು ಮುಗಿಸಿತೋ ಅದು ಮೊದಲು ತನ್ನ ಪಾಲನ್ನು ಸುರಿಯುತ್ತಿತ್ತು. ಹಾಗೆ ಸುರಿದರೆ ಬೇಗ ಆಗುತ್ತದೆಂದು ನಾನೇ ಬರೆದದ್ದು. ಯಾವ ಕ್ರಮದಲ್ಲಿ ಕೂಡಿದರೂ ಮೊತ್ತ ಒಂದೇ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಕಂಪ್ಯೂಟರಿನಲ್ಲಿ ಹಾಗಲ್ಲ. ಅದು ಇಂತಿಷ್ಟೇ ಅಂಕಿ ಇಟ್ಟುಕೊಂಡು ಪ್ರತಿ ಸಲ ಕೂಡಿದಾಗಲೂ ಉಳಿದದ್ದನ್ನು ಚೂರು ಚೂರು ಬಿಡುತ್ತದೆ, ಕ್ರಮ ಬದಲಾದರೆ ಬಿಡುವ ಚೂರೂ ಬದಲಾಗುತ್ತದೆ. ಗಿರಣಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ: ಮೆಣಸಿನಕಾಯಿ ಬೀಸಿದ ಮೇಲೆ ಜೋಳ ಬೀಸಿದರೆ ಆ ರೊಟ್ಟಿಯೇ ಬೇರೆ.

ಅಷ್ಟು ಸಣ್ಣ ಅಂಕಿಗೆ ಇಡೀ ಗಲ್ಲಿ ಹೇಗೆ ಒಣಗುತ್ತದೆ? ಇಂಜಿನಿಯರ್ ನಕ್ಷೆ ಬಿಡಿಸಿ ತೋರಿಸಿದರು. ಅಕ್ಕನ ಗಲ್ಲಿಯ ಬಾಯಲ್ಲಿ ಕಲ್ಲಿನ ಅಂಚು ಇದೆ. ಆ ದಿನದ ನೀರು ಲೆಕ್ಕದಲ್ಲಿ ಸರಿಯಾಗಿ ಅಂಚಿನ ತುದಿಗೆ ಬಂದು ನಿಲ್ಲುತ್ತದೆ. ಕೊನೆಯ ಅಂಕಿ ಒಂದು ಹೆಚ್ಚಾದರೆ ದಾಟಿದಂತೆ, ಕಡಿಮೆಯಾದರೆ ಇಲ್ಲ. "ಅಂಚಿನಲ್ಲಿರೋ ಚೌಕಗಳಿಗೆ 'ಹೇಳಲಾಗದು' ಅಂತ ಹಳದಿ ಬಣ್ಣ ಕೊಡ್ತೀನಿ, ಅದು ನನ್ನ ಕೆಲಸ," ಎಂದು ಅವರು ಹಿಂದಿಯಲ್ಲಿ ಹೇಳಿದರು. "ಲೇಕಿನ್ ಪಹಲೇ ತರಾಜೂ ಕಾ ಕಾಂಟಾ ತೋ ರುಕ್‌ನಾ ಚಾಹಿಯೇ." ತಕ್ಕಡಿಯ ಮುಳ್ಳೇ ನಿಲ್ಲದಿದ್ದರೆ ತೂಕ ಹೇಗೆ ನೋಡುವುದು, ಎಂಬ ಮಾತು ನ್ಯಾಯವಾಗಿತ್ತು.

ಮುಳ್ಳು ನಿಲ್ಲಿಸುವ ಉಪಾಯ ಹೊಸದೇನಲ್ಲ. ನಾನೂ ಮೇಷ್ಟ್ರೂ ಮೊದಲ ದಿನವೇ ಹಾಳೆಯ ಮೇಲೆ ಬರೆದು ಕಾಟು ಹಾಕಿದ್ದೆವು. ನಾಲ್ಕು ಕಡೆಯ ನೀರನ್ನು ಒಂದೇ ಪಾತ್ರೆಗೆ ಸುರಿಯದೆ ನಾಲ್ಕು ಬೇರೆ ಬೇರೆ ಜಾಗದಲ್ಲಿ ಇಟ್ಟುಕೊಳ್ಳುವುದು. ಎಲ್ಲ ಕೈಗಳೂ ಮುಗಿಸಿದ ಮೇಲೆ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಎಂದು ಯಾವಾಗಲೂ ಒಂದೇ ಕ್ರಮದಲ್ಲಿ ಕೂಡುವುದು. ಇದಕ್ಕೆ ಜಾಗ ಹೆಚ್ಚು ಬೇಕು, ವೇಗದಲ್ಲಿ ಅರ್ಧದಷ್ಟು ಹೋಗುತ್ತದೆ. ಕಾಟು ಹಾಕಿದ್ದು ಅದಕ್ಕೇ.

ಮತ್ತೆ ಆಂಟಾಪ್ ಹಿಲ್‌ಗೆ ಹೋದೆ. ಮೇಷ್ಟ್ರು ಎಲ್ಲ ಕೇಳಿ, "ಹಾಕುವ, ಆದರೆ ಆಪ್ಷನ್ ಆಗಿ ಹಾಕುವ. ಬೇಕಾದವರು ಆರಿಸಿಕೊಳ್ಳಲಿ," ಅಂದರು.

"ಇಲ್ಲ ಸರ್. ಏನೂ ಹೇಳದಿದ್ದರೆ ಒಂದೇ ಉತ್ತರ ಬರಬೇಕು. ವೇಗ ಬೇಕಾದವರು ಆಪ್ಷನ್ ಹಾಕಿಕೊಳ್ಳಲಿ."

"ಜನ ವೇಗ ನೋಡಿಯೇ ಬರುವುದು. ಇಷ್ಟು ವರ್ಷದಲ್ಲಿ ಮೊದಲ ಸಲ ನಮ್ಮ ಭಾಷೆಯ ಕಡೆ ನಾಲ್ಕು ಜನ ತಿರುಗಿ ನೋಡ್ತಿದ್ದಾರೆ. ನೀನೇ ಕೈಯಾರೆ ಅರ್ಧ ಬಿಟ್ಟುಕೊಡ್ತೀಯಾ?"

ಅವರ ದನಿಯಲ್ಲಿ ಆಸೆ ಇತ್ತು, ಅದು ನನಗೂ ಇತ್ತು. ಆ ವೇಗಕ್ಕಾಗಿ ಎಷ್ಟು ಬೆಳಗುಗಳನ್ನು ಸುರಿದಿದ್ದೆ! ಆದರೂ ಹೇಳಿದೆ: "ಸರ್, ನನ್ನ ಅಕ್ಕ ಆಪ್ಷನ್ ಓದೋದಿಲ್ಲ. ಇಂಜಿನಿಯರೂ ಓದಿರಲಿಲ್ಲ. ಅರ್ಧ ವೇಗ ಹೋದರೂ ನಾವು ನೀರಿಗಿಂತ ಮುಂದೆಯೇ ಇರ್ತೀವಿ. ಉತ್ತರ ನಂಬೋ ಹಾಗಿಲ್ಲದಿದ್ದರೆ ಮುಂದಿದ್ದು ಏನು ಮಾಡೋದು?"

ಮೇಷ್ಟ್ರು ಕಾಟು ಹಾಕಿದ್ದ ಆ ಹಾಳೆಯನ್ನು ಎದುರಿಗೆ ಎಳೆದುಕೊಂಡರು. "ಮಕ್ಕಳಿಗೆ ಜೀವಮಾನವಿಡೀ ತಾಳೆ ನೋಡಿ, ತಾಳೆ ನೋಡಿ ಅಂತ ಹೇಳಿದವ ನಾನು. ಎರಡನೇ ಸಲಕ್ಕೆ ಬೇರೆಯೇ ಬರ್ತದೆ ಅಂತಾದ್ರೆ ತಾಳೆ ನೋಡುವುದು ಎಂತಕ್ಕೆ? ಆಯ್ತು, ಹಾಗೇ ಮಾಡು."

ಅಲ್ಲಿಂದ ಕೆಲಸ ಸಲೀಸಾಗಿ ಹೋಗಲಿಲ್ಲ, ಆದರೆ ದಾರಿ ಒಂದೇ ಆಗಿತ್ತು. ಬೇರೆ ಬೇರೆ ಜಾಗದಲ್ಲಿ ಇಡುವ ಆ ಭಾಗಕ್ಕೆ ಕೋಡಿನಲ್ಲಿ 'ಡಬ್ಬಾ' ಎಂದೇ ಹೆಸರಿಟ್ಟೆ. ಪರಿಶೀಲಿಸಿದ ಪರದೇಶದ ಸಹಾಯಕರೊಬ್ಬರು ಇದು ಯಾವ ಗಣಿತಜ್ಞರ ಹೆಸರು ಎಂದು ಗೌರವದಿಂದ ಕೇಳಿದರು. ಮೇಷ್ಟ್ರು ಅವರಿಗೆ ಉದ್ದದ ಉತ್ತರ ಬರೆದು ಗಿರಣಿಯನ್ನು ವಿವರಿಸಿದರು. ಇಷ್ಟಾದರೂ ಕಾರ್ಡಿನ ಉತ್ತರ ಹಳೆಯ ಪ್ರೊಸೆಸರಿನ ಉತ್ತರಕ್ಕಿಂತ ಕೂದಲೆಳೆಯಷ್ಟು ಬೇರೆ ಬರುತ್ತಿತ್ತು. ಕಾರ್ಡ್ ಗುಣಾಕಾರ ಮತ್ತು ಕೂಡುವುದನ್ನು ಒಂದೇ ಹೆಜ್ಜೆಯಲ್ಲಿ ಮಾಡಿ, ಎರಡು ಸಲ ಚೂರು ಬಿಡುವ ಬದಲು ಒಂದೇ ಸಲ ಬಿಡುತ್ತಿತ್ತು. ಅದರ ಜಾಣತನ ಅದು, ಆದರೆ ನಮಗೆ ಬೇಡವಾಗಿತ್ತು. ಎರಡನ್ನೂ ಬಿಡಿಬಿಡಿಯಾಗಿ ಮಾಡು ಎಂದು ಆಜ್ಞೆ ಬದಲಿಸಿದೆ. ಆಮೇಲೆ ಎರಡೂ ಕಡೆಯ ಉತ್ತರಗಳು ಕೊನೆಯ ಅಂಕಿಯ ತನಕ ಕೂಡಿಬಂದವು. ಮುಳ್ಳು ನಿಂತಿತ್ತು. ಇಂಜಿನಿಯರ್ ತಮ್ಮ ಹಳದಿ ಬಣ್ಣವನ್ನು ಕೂರಿಸಿದರು, ಹೊಸ ಆವೃತ್ತಿ ಹೊರಬಂತು.

ಮಳೆಗಾಲ ಹಿಡಿದ ಮೇಲೆ ಹವಾಮಾನದ ಮುನ್ಸೂಚನೆ ಕೊಟ್ಟು ಕೆಲವು ಸಲ ಲೆಕ್ಕ ಹಾಕಿದೆವು, ಅಕ್ಕನ ಗಲ್ಲಿ ಒಣಗಿರುತ್ತದೆ ಅಂತಲೇ ಬಂತು, ಒಣಗಿಯೇ ಇತ್ತು. "ಸುಮ್ಮನ ಇರು ಅಂತ ಹೇಳೂದು ಯಾರಿಗಾದ್ರೂ ಬರ್ತೈತಿ," ಎಂದು ಅವಳು ಒಪ್ಪಲಿಲ್ಲ. ಆಮೇಲೆ ಒಂದು ದಿನ ಬೆಳಗಿನಿಂದಲೇ ಆಕಾಶ ಕಪ್ಪಾಯಿತು. ಉಬ್ಬರ ಮಧ್ಯಾಹ್ನಕ್ಕಿತ್ತು. ಆಫೀಸಿನಲ್ಲಿದ್ದೆ. ಇಂಜಿನಿಯರ್ ಕಳಿಸಿದ ನಕ್ಷೆ ಫೋನಿನಲ್ಲಿ ಬಿಚ್ಚಿಕೊಂಡಿತು. ಅಕ್ಕನ ಗಲ್ಲಿ ಹಳದಿಯಲ್ಲ, ನೀಲಿ. ಫೋನ್ ಮಾಡಿದೆ. ಆ ಕಡೆ ಗಿರಣಿಯ ಗರಗರ, ಅದರ ಮೇಲೆ ಅವಳ ದನಿ.

"ಇಲ್ಲೆ ಬರೇ ಜಿಟಿಜಿಟಿ ಮಳಿ ಐತಿ. ಗಲ್ಲಿ ಒಣಗೈತಿ. ಇನ್ನೊಮ್ಮೆ ಕೇಳು ಅದನ್ನ."

ಮನೆಯ ಕಾರ್ಡಿಗೆ ಕೆಲಸ ಕಳಿಸಿದೆ. ನೀಲಿ. ಹೇಳಿದೆ.

"ಮತ್ತೊಮ್ಮೆ."

ಮತ್ತೆ ನೀಲಿ. "ಅದೇ ಉತ್ತರ, ಅಕ್ಕಾ," ಅಂದೆ.

ಗರಗರ ಇಳಿಯುತ್ತ ಇಳಿಯುತ್ತ ನಿಂತಿತು. ಏಣಿ ಎಳೆಯುವ ಸದ್ದು ಕೇಳಿಸಿತು, ಫೋನ್ ಕಟ್ಟಾಯಿತು. ಆಫೀಸಿನ ಮೇಜಿನ ಮುಂದೆ ನನ್ನ ಕಣ್ಣಲ್ಲಿ ನೀರು ಬಂತು.

ಲೋಕಲ್‌ಗಳು ತೆವಳುತ್ತಿದ್ದವು. ದಹಿಸರ್‌ನಲ್ಲಿ ಇಳಿಯುವಾಗ ಸಂಜೆಯಾಗಿತ್ತು, ಉಬ್ಬರ ಇಳಿದು ನೀರೂ ವಾಪಸಾಗಿತ್ತು. ಗಿರಣಿಯ ಗೋಡೆಯ ಮೇಲೆ ಕೆಸರಿನ ಗೆರೆ, ಡಬ್ಬಾಗಳ ಸಾಲು ನಿಲ್ಲುವ ಎತ್ತರಕ್ಕಿಂತ ಮೇಲೆ. ಮೋಟಾರು ಎತ್ತರದ ಕಟ್ಟೆಯ ಮೇಲಿತ್ತು, ಅದಕ್ಕೇನೂ ಆಗಿರಲಿಲ್ಲ. ಭಾಭಿ ಕೆಳಗೆ ನಿಂತು ಕೈ ಚಾಚಿದ್ದರು. ಅಕ್ಕ ಏಣಿಯ ಮೇಲಿಂದ ಒಂದೊಂದೇ ಡಬ್ಬಾ ಇಳಿಸಿ ಕೊಡುತ್ತ, ತೊಳೆದ ನೆಲದ ಮೇಲೆ ಬೆಳಗ್ಗೆ ಬಂದ ಕ್ರಮದಲ್ಲೇ ಜೋಡಿಸಲು ಹೇಳುತ್ತಿದ್ದಳು. ನನ್ನನ್ನು ನೋಡಿ, "ಬಂದಿ? ಹಿಡಿ, ಇದು ಬಾಜೂಕ," ಅಂದಳು, ಅಷ್ಟೇ. ಆಮೇಲೆ ಗಿರಣಿ ಶುರು ಮಾಡಿದಳು.

ಸ್ಟೇಷನ್ ಕಡೆಯಿಂದ ಒಬ್ಬ ಹೆಂಗಸು ಒದ್ದೆ ಕೊಡೆ ಮಡಚುತ್ತ ಬಂದರು. ಅಕ್ಕ ಅವರ ಡಬ್ಬಾ ಎತ್ತಿ ಕೊಟ್ಟಳು. ಅವರು ಅದನ್ನು ಎದೆಗೆ ಒತ್ತಿಕೊಂಡು, "ಅಭೀ ತಕ್ ಗರಮ್ ಹೈ," ಹಿಟ್ಟು ಇನ್ನೂ ಬಿಸಿ ಇದೆ, ಎಂದು ನಕ್ಕು ಹೊರಟರು. ನೀರು ಬಂದಿತ್ತೇ ಎಂದು ಕೇಳಲೂ ಇಲ್ಲ. ಅವರು ಗಲ್ಲಿಯ ತಿರುವಿನಲ್ಲಿ ಮರೆಯಾಗುವ ತನಕ ಅಕ್ಕ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ನಾಳಿ ನೀರಿಂದು ಕೇಳಿಯೇನು ಅದನ್ನ?" ಅಂದಳು.